ತೋಪಿನ ಮರ್ಯಾದೆ

ವಿನ್‌ಗೇಟ್ ಬಂದರು,
೩ ನವೆಂಬರ್ ೧೭೬೮

ಮೊನ್ನೆ ಮೊನ್ನೆಯವರೆಗೆ ಈ ಪ್ರಾಂತ್ಯದ ಗವರ್ನರ್ ಆಗಿದ್ದ ನನ್ನ ಯಜಮಾನರಿಗೆ,

ಸೆರೆಮನೆಯ ಹುಲ್ಲುಹಾಸಿಗೆ ಬೆನ್ನಿಗೆ ಒಗ್ಗಿತೇ? ಹೊದಿಕೆ ಬೇಕೆಂದು ಹೇಳಿಕಳಿಸಿದ್ದಿರಿ. ಕಳಿಸುವುದಿಲ್ಲ. ನನ್ನ ತಮ್ಮ ಜೋಟಮ್ ಅದೇ ಕೋಣೆಯಲ್ಲಿ ಹೊದಿಕೆಯಿಲ್ಲದೆ ಮಲಗಿದ್ದ.

ಬಾರ್ಬಡೋಸಿನಲ್ಲಿ ಗುಮಾಸ್ತರಾಗಿದ್ದವರು ನೀವು. ನಮ್ಮಪ್ಪ ಲಂಡನ್ನಿನಲ್ಲಿ ಯಾರ್ಯಾರದೋ ಕಾಲು ಹಿಡಿದು ಈ ಪದವಿ ಕೊಡಿಸಿದರು. ಸಿಕ್ಕಿದ್ದೇ ತಡ, ನೀವು ಚರ್ಚಿಗೆ ಹೊರಟರೂ ಕೋಟೆಯ ತೋಪು ಹಾರಬೇಕು! ಸುಂಕದ ಗಲಾಟೆಯಲ್ಲಿ ಜೋಟಮ್ ಸಿಕ್ಕಿಬಿದ್ದಾಗ ಜ್ಯೂರಿ ಕೂರಿಸದೆಯೇ ಗಲ್ಲು ಬರೆದಿರಿ. ಆ ಬೆಳಿಗ್ಗೆ ನಿಮ್ಮ ಕಾಲಿಗೆ ಬಿದ್ದೆ. "ಅಳಬೇಡ ಮಾರಾಯ್ತಿ, ತಡೆ ಹಾಕ್ತೀನಿ. ಈ ಇಸ್ಪೀಟಾಟ ಒಂದು ಮುಗೀಲಿ" ಅಂದಿರಿ. ನಿಮ್ಮ ತಡೆಯಾಜ್ಞೆ ಒಯ್ಯಬೇಕಿದ್ದ ಸವಾರ ಬಾಗಿಲಲ್ಲಿ ಕುದುರೆ ಹಿಡಿದು ಕಾದೇ ಕಾದ. ಆಟ ಮುಗಿಯುವಷ್ಟರಲ್ಲಿ ಅಲ್ಲಿ ನನ್ನ ತಮ್ಮನ ಕಥೆ ಮುಗಿದಿತ್ತು. ಆಟ ಗೆದ್ದೆನೆಂದು ನಕ್ಕಿರಿ ಬೇರೆ.

ಆಮೇಲೆ ನಿಮ್ಮೊಡನೆ ನಾನು ಮಾತು ಬಿಟ್ಟೆ. ನಿಮ್ಮನ್ನು ತೆಗೆದುಹಾಕಿದ ಸುದ್ದಿ ಬಂದಾಗಲೇ ಮತ್ತೆ ಬಾಯಿ ಬಿಟ್ಟದ್ದು. ಹೊಸ ಗವರ್ನರರ ನೇಮಕವನ್ನು ಊರ ಮುಂದೆ ಓದುವ ತನಕ ನಿಮ್ಮನ್ನು ಯಾರೂ ಮುಟ್ಟುವಂತಿಲ್ಲ, ಓದಿದ ಮೇಲೆ ಯಾವ ಪೇದೆ ಬೇಕಾದರೂ ಹಿಡಿಯಬಹುದು. ಅದಕ್ಕೇ ಮುಂಜಾನೆಯೇ ಹಡಗು ಹತ್ತಲು ಹೊರಟಿರಿ. "ಕಳ್ಳರ ಹಾಗೆ ಹೋಗ್ತೀರಾ? ಮಧ್ಯಾಹ್ನದವರೆಗೆ ನಿಂತ್ರೆ ಕೋಟೆಯವರು ತೋಪು ಹಾರಿಸಿ ಕಳಿಸ್ತಾರಂತೆ" ಅಂದೆ. ಅಷ್ಟು ಸಾಕಾಯಿತು! ವಿಗ್ಗಿಗೆ ಪೌಡರ್ ಬಳಿಸಿಕೊಳ್ಳುತ್ತಾ ಕೂತಿರಿ. ಹೊಸ ಗವರ್ನರ್ ನೆರೆಯ ಪ್ರಾಂತ್ಯದಿಂದ ಗಾಡಿಯಲ್ಲಿ ಬಂದಿಳಿದದ್ದು ನನಗೆ ಗೊತ್ತಿತ್ತು, ನಿಮಗಿರಲಿಲ್ಲ.

ತೋಪು ಹಾರಿತು. ಬಂದರಿನ ಕಟ್ಟೆಯ ಮೇಲೆ ನಿಂತು, ಟೊಪ್ಪಿ ತೆಗೆದು, ಎಡಕ್ಕೂ ಬಲಕ್ಕೂ ಬಾಗಿದಿರಿ. ಮೀನು ಮಾರುವವಳೊಬ್ಬಳು, "ಅಯ್ಯೋ ದೊರೆ, ಅದು ನಿಮಗಲ್ಲ ಕಣ್ರೀ, ಹೊಸಬರಿಗೆ! ಈಗಷ್ಟೇ ಅವರ ನೇಮಕ ಓದಿದ್ರು!" ಎಂದು ಕೂಗಿದಳು. ನೀವು ನೆಟ್ಟಗಾಗುವ ಮೊದಲೇ ಪೇದೆ ಭುಜದ ಮೇಲೆ ಕೈಯಿಟ್ಟ. ಜ್ಯೂರಿಯಿಲ್ಲದೆ ಗಲ್ಲಿಗೇರಿಸಿದ್ದು ಕೊಲೆಯೆಂದು ದೂರು ಕೊಟ್ಟವಳು ಜೋಟಮನ ಹೆಂಡತಿ ಹುಲ್ಡಾ. ಕೊಡಿಸಿದವಳು ನಾನು. ನನ್ನ ಹೊಟ್ಟೆ ತಣ್ಣಗಾಯಿತು.

ನಿಮಗೆ ಜ್ಯೂರಿಯನ್ನಾದರೂ ಕೂರಿಸಿದರು. ನಾಳೆ ಮಧ್ಯಾಹ್ನ ಗಲ್ಲು ಅಂತಲೂ ಅವರೇ ಹೇಳಿದ್ದಾರೆ.

ಇನ್ನು ನಿಮ್ಮ ಹೆಂಡತಿಯಲ್ಲ, ಜೋಟಮನ ಅಕ್ಕ,
ಡಾರ್ಕಸ್

ತಾ.ಕ.: ಗಲ್ಲು ತಡೆಯುವಂತೆ ಹೊಸ ಗವರ್ನರನ್ನು ನಾನೇ ಕೇಳಬೇಕೆಂದು ಅಂಗಲಾಚಿದ್ದೀರಿ. ಆಗಲಿ, ಕೇಳುತ್ತೇನೆ. ನಾಳೆ ಬೆಳಿಗ್ಗೆ ಅವರ ಮನೆಗೆ ಇಸ್ಪೀಟಿಗೆ ಕರೆದಿದ್ದಾರೆ. ಆಟ ಒಂದು ಮುಗೀಲಿ.