ಮೂರನೇ ಚೀಟಿಯ ಕುಡುಕ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅದೇ ಬಸ್ಸು, ಅದೇ ಕೌನ್ಸೆಲಿಂಗ್ ಕ್ಲಾಸು. ಸರ್ಟಿಫಿಕೇಟ್ ಕೋರ್ಸಿನವರು ಹಿಂದಿನ ಬೆಂಚು, ಡಿಪ್ಲೊಮಾದವರು ಮುಂದೆ. ಸರ್ಟಿಫಿಕೇಟ್ ಬೇಗ ಮುಗಿಯುತ್ತದೆ, ನಿಜ. ಆದರೆ ಜೀವನವಿಡೀ ಇನ್ನೊಬ್ಬ ಕೌನ್ಸೆಲರ್ ಪಕ್ಕ ಕುಳಿತು ತಲೆಯಾಡಿಸಬೇಕು. ಎಂ.ಎ. ಮಾಡಿದರೆ ದೊಡ್ಡ ಆಸ್ಪತ್ರೆ — ಅಷ್ಟು ತಾಳ್ಮೆ ಯಾರಿಗಿದೆ? ನನಗೆ ಡಿಪ್ಲೊಮಾ. ಆಮೇಲೆ ವ್ಯಸನಮುಕ್ತಿ ಕೇಂದ್ರದಲ್ಲಿ ಹಿರಿಯರ ಕಣ್ಣೆದುರು ಒಂದು ವರ್ಷ. ಆಮೇಲೆ ಒಬ್ಬಳೇ ಕೂರಬಹುದು. ತಮ್ಮನ ಮಾತ್ರೆ ಚಟ ಬಿಡಿಸಲು ಎಷ್ಟು ಜನರ ಕಾಲು ಹಿಡಿದಿದ್ದೇನೆ... "ಹೊರಗೆ ಕೂತಿರಿ" ಎಂದು ಇನ್ನು ಯಾರೂ ನಮ್ಮಂಥವರಿಗೆ ಅನ್ನಬಾರದು.

ಅವನು ಮಾತ್ರೆ ಬಿಟ್ಟು ಎರಡು ವರ್ಷವಾಯಿತು. ಈಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಇವತ್ತು ನನ್ನ ಊಟದ ಡಬ್ಬಿ ಅವನೇ ತುಂಬಿದ. ಉಪ್ಪಿಲ್ಲ ಎಂದು ಬೈದೆ. "ಮನೆಗೆ ಮಾರಿ, ಊರಿಗೆ ಉಪಕಾರಿ," ಅಂದು ಹಲ್ಲು ಕಿರಿದ.

ಮಾರ್ಚ್ 11

ಮೇಡಮ್ ಪಾಠ. ಬಿಟ್ಟವನು ಮತ್ತೆ ಶುರು ಮಾಡಿದರೆ ಹಳೆಯ ಅಳತೆಗೇ ಕೈ ಹಾಕುತ್ತಾನೆ. ಮೈಗೆ ಆ ರೂಢಿ ಹೋಗಿರುತ್ತದೆ, ಮನಸ್ಸಿಗೆ ಹೋಗಿರುವುದಿಲ್ಲ. ಸಾಯುವುದು ಆಗಲೇ. ಪರೀಕ್ಷೆಗೆ ಬಂದೇ ಬರುತ್ತದಂತೆ. ಬರೆದುಕೊಂಡೆ.

ಸೋಮವಾರ ರೆಕಾರ್ಡಿಂಗ್ ಕೊಡಬೇಕು. ಒಬ್ಬರು ಕೌನ್ಸೆಲರ್, ಇನ್ನೊಬ್ಬರು ಚೀಟಿಯಲ್ಲಿರುವ ರೋಗಿಯ ಪಾರ್ಟು. ನಾನು ಕೌನ್ಸೆಲರ್; ನನ್ನ ಜೋಡಿಗೆ ಸಿಕ್ಕಿದ್ದು ಮೂರನೇ ಚೀಟಿ: ಲಾರಿ ಡ್ರೈವರ್, ಕುಡುಕ, ಹೆಂಡತಿ ಬಿಟ್ಟು ಹೋಗಿದ್ದಾಳೆ.

"ಮನೆಯವರನ್ನ ಮಾತ್ರ ಕೂರಿಸ್ಕೋಬೇಡಿ," ಅಂದರು ಮೇಡಮ್.

"ಯಾಕೆ?"

"ನಮ್ಮವರ ಮಾತು ನಮ್ಮ ಕಿವಿಗೆ ಬೀಳಲ್ಲ."

ದೊಡ್ಡ ಮಾತು. ಬರೆದುಕೊಳ್ಳಲಿಲ್ಲ.

ತಮ್ಮ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಾನೆ. ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿ ಇರಬೇಕು.

ಮಾರ್ಚ್ 16, ಭಾನುವಾರ ಸಂಜೆ

ನನ್ನ ಜೋಡಿಗೆ ಜ್ವರವಂತೆ. ಪರೀಕ್ಷೆ ಬಂದಾಗಲೇ ಎಲ್ಲರಿಗೂ ಜ್ವರ! ತಮ್ಮನನ್ನೇ ಕೂರಿಸಿಕೊಂಡೆ. ಅಡುಗೆಮನೆ ಮೇಜು, ನಡುವೆ ಫೋನು. ಲಾರಿ, ಹೆಂಡತಿ ಎಲ್ಲ ಸರಿಯಾಗೇ ಹೇಳಿದ. ಆಮೇಲೆ ಚೀಟಿ ಮಡಚಿಟ್ಟ.

"ಮತ್ತೆ ಶುರು ಮಾಡಿದೀನಿ. ಮಾತ್ರೆ. ಪ್ರೆಸ್ ಹಿಂದೆ ಒಬ್ಬ ಕೊಡ್ತಾನೆ."

"ನೀನು ಲಾರಿ ಡ್ರೈವರ್ ಕಣೋ! ಚೀಟೀಲಿ ಕುಡಿತ ಅಂತಿದೆ. ಮಾತ್ರೆ ಎಲ್ಲಿಂದ ತಂದೆ?"

ನನ್ನ ಮುಖವನ್ನೇ ನೋಡಿದ. "ಬಾಯಿಗೆ ಬಂದ್ಬಿಡ್ತು ಬಿಡು," ಅಂದು ನಕ್ಕ. ಸದ್ಯ.

ಅಳಿಸಿ ಮತ್ತೆ ಶುರು. ಈ ಸಲ ಕುಡಿತವೇ. ಕೊನೆಗೆ "ಅಕ್ಕಂಗೆ ಹೇಳೋಕೆ ಧೈರ್ಯ ಇಲ್ಲ" ಅಂತ ಅತ್ತ. ಚೀಟಿಯಲ್ಲಿ ಅಕ್ಕ ಇಲ್ಲ — ಆದರೆ ಅಳು ಚೆನ್ನಾಗಿ ಬಂದಿತ್ತು, ಹಾಗೇ ಬಿಟ್ಟೆ. ಒಳ್ಳೆ ನಟ ನನ್ನ ತಮ್ಮ.

ಮಾರ್ಚ್ 17, ಟ್ಯಾಕ್ಸಿಯಲ್ಲಿ

ಮೇಡಮ್ ಹೆಡ್‌ಫೋನ್ ಹಾಕಿ ಕೇಳಿದರು. ನಡುವೆ ನನ್ನನ್ನೊಮ್ಮೆ ನೋಡಿದರು.

"ಕೊನೇತನಕ ಕೇಳಿದೀರಾ ಇದನ್ನ?"

"ಇಲ್ಲ ಮೇಡಮ್, ಟೈಮ್ ಸಿಗ್ಲಿಲ್ಲ."

"ನಿಮ್ಮ ತಮ್ಮ ತಾನೇ? ಈಗ ಎಲ್ಲಿದಾನೆ?"

ಪ್ರೆಸ್ಸಿಗೆ ಫೋನ್ ಮಾಡಿದೆ. ಬಂದಿಲ್ಲವಂತೆ. ಅವನ ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಮಲಗಿರಬೇಕು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಸಿಗ್ನಲ್ ಬಿಡುತ್ತಿಲ್ಲ. ಮಲಗಿರಬೇಕು.

ಏಪ್ರಿಲ್ 9

ಬಚ್ಚಲ ಬಾಗಿಲು ಒಡೆಯಲು ಪಕ್ಕದ ಮನೆಯವರು ಬಂದರು. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಹಳೆಯ ಅಳತೆಗೇ ಹೋಗಿದ್ದ. ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು.

ಏಪ್ರಿಲ್ 12

ಮೇಡಮ್ ಮನೆಗೆ ಬಂದಿದ್ದರು. ಬುದ್ಧಿ ಹೇಳಲಿಲ್ಲ, ಅದಕ್ಕೇ ಒಳಗೆ ಬಿಟ್ಟೆ. ಹೋಗುವಾಗ "ಕೋರ್ಸ್ ಬಿಡ್ಬೇಡಿ" ಅಂದರು. ಸಿಟ್ಟು ನೆತ್ತಿಗೇರಿತು.

"ಯಾರ ಮುಂದೆ ಕೂರಿಸ್ತೀರಿ ನನ್ನ?"

ಚಪ್ಪಲಿ ಹಾಕಿಕೊಳ್ಳುತ್ತಾ ನಿಂತರು.

ಏಪ್ರಿಲ್ 13, ಮಧ್ಯಾಹ್ನ

ರೆಕಾರ್ಡಿಂಗ್ ಕೇಳಿದೆ. ನನ್ನ ದನಿ ಎಷ್ಟು ಮೆತ್ತಗಿದೆ! ಪುಸ್ತಕದಲ್ಲಿದ್ದ ಹಾಗೆಯೇ. "ಧೈರ್ಯ ಸಾಲ್ತಿಲ್ಲ ಅಂತ ಅನ್ಸುತ್ತೆ ನಿಮಗೆ." ತಮ್ಮನಿಗೆ ನೀವು, ನಿಮಗೆ. ಅವನು ಮೂಗು ಒರೆಸಿಕೊಳ್ಳುತ್ತಾನೆ. "ಇವತ್ತಿಗೆ ಸಾಕು" ಅನ್ನುತ್ತೇನೆ. ಕುರ್ಚಿ ಸರಿದ ಸದ್ದು. ರೆಕಾರ್ಡಿಂಗ್ ನಿಲ್ಲಿಸದೆ ಪಾತ್ರೆ ತೊಳೆಯಲು ಎದ್ದಿದ್ದೆ. ನಲ್ಲಿ ಬಿಟ್ಟ ಸದ್ದು. ಅವನ ದನಿ, ಫೋನಿನ ಹತ್ತಿರವೇ:

"ಅಕ್ಕಾ, ಚೀಟಿ ಇಲ್ದೆ ಒಂದ್ಸಲ ಮಾಡೋಣ್ವಾ?"

ದೂರದಿಂದ ನಾನು, ಏನು ಕೇಳಿದ ಎಂದೂ ಗೊತ್ತಿಲ್ಲದೆ — "ನಾಳೆ ಕಣೋ, ನಾಳೆ."

ಅಲ್ಲಿಗೆ ಮುಗಿದಿಲ್ಲ. ಇನ್ನೂ ಸ್ವಲ್ಪ ಇದೆ. ನೀರಿನ ಸದ್ದಿನೊಳಗೆ ಏನೋ ಹೇಳುತ್ತಾನೆ. ದನಿ ಜೋರು ಮಾಡಿ ಕಿವಿಗೆ ಒತ್ತಿಕೊಂಡೆ. ಮತ್ತೆ ಹಿಂದಕ್ಕೆ ಹೋಗಿ ಕೇಳಿದೆ. ಮೊದಲನೇ ಮಾತು "ಅಕ್ಕಾ." ಅಷ್ಟು ಗೊತ್ತಾಗುತ್ತದೆ. ಆಮೇಲೆ ಅವನು ಅಂದದ್ದು ನೀರಿನ ಸದ್ದಿಗೆ ಸಿಕ್ಕಿ ತಿಳಿಯುವುದಿಲ್ಲ. ಮತ್ತೆ ಹಿಂದಕ್ಕೆ ಹೋಗುತ್ತೇನೆ.