ಬಾಟ್ಲಿಯೊಳಗೆ ಬದುಕಿದ ಹಾಲೆಲೆ

ದೊಡ್ಡಬಳ್ಳಾಪುರ
18 ನವೆಂಬರ್ 1994

ಪ್ರೀತಿಯ ಅತ್ತೆಯವರಿಗೆ,

ಸ್ನೇಹಳ ನಮಸ್ಕಾರಗಳು. ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಸೋಲಾಪುರದಲ್ಲಿ ಈಗ ಚಳಿ ಶುರುವಾಗಿರಬೇಕು, ಕಳಿಸಿದ ಎಣ್ಣೆ ಹಚ್ಚಿಕೊಳ್ತಾ ಇದ್ದೀರೋ, ಇಲ್ಲ ಶ್ವೇತಾಗೇ ಹಚ್ಚಿ ಖಾಲಿ ಮಾಡಿದ್ರೋ? ನಿಮ್ಮ ಬುದ್ಧಿ ನಂಗೆ ಗೊತ್ತು. ಶ್ವೇತಾ ಈಗ ಎದ್ದು ಓಡಾಡ್ತಾಳಲ್ಲ, ಅಷ್ಟು ಸಾಕು. ಪಾಪು ಕೂತ್ಕೋತಾನಾ? ಹಲ್ಲು ಬಂತಾ? ಹೆರಿಗೆಗೆ ತವರಿಗೆ ಬರಬೇಕಾದವಳನ್ನ ಡಾಕ್ಟರು ರೈಲು ಹತ್ತಬೇಡ ಅಂದ್ರು ಅಂತ, ಹೋದ ವರ್ಷ ದೀಪಾವಳಿ ಮುಗಿದ ಮಾರನೇ ದಿನ ನೀವೇ ಮಗಳ ಮನೆಗೆ ಹೊರಟ್ರಿ. ಆರು ತಿಂಗಳು ಅಂದಿದ್ದು ವರ್ಷ ಆಯ್ತು. ನೀವಿಲ್ಲದೆ ಒಂದು ದೀಪಾವಳಿಯೂ ಆಗಿಹೋಯ್ತು ಅಂತ ಮಾವ ಮೊನ್ನೆ ಹೋಳಿಗೆ ಮುಂದೆ ಕೂತ್ಕೊಂಡು ಅಂದ್ರು. ಹೋಳಿಗೆ ಮಾತ್ರ ನಾಲ್ಕು ತಿಂದ್ರು, ಚಿಂತೆ ಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಮಾವನ ಬಿಪಿ ಹತೋಟೀಲಿದೆ. ಕರೆಂಟು ಹಗಲೆಲ್ಲ ಕಣ್ಣಾಮುಚ್ಚಾಲೆ ಆಡುತ್ತೆ, ಅದು ಬಂದಾಗ ಮಗ್ಗ ಓಡುತ್ತೆ, ಹೋದಾಗ ಬೀದಿಗೆ ಬೀದಿಯೇ ಒಂದು ಕ್ಷಣ ಕಿವುಡಾದ ಹಾಗಾಗುತ್ತೆ. ನಿಮ್ಮ ಮಗ ನೂಲು ತರೋದು, ಸೀರೆ ಕಳಿಸೋದು ಅಂತ ಓಡಾಡ್ತಾ ಇದ್ದಾರೆ. ನಾನು ದಿನಾ ಬೆಳಗ್ಗೆ ಬಸ್ಸಿಗೆ ಹೋಗಿ ಸಾಯಂಕಾಲ ಬರ್ತೀನಿ. ದೊಡ್ಡಬೆಳವಂಗಲದ ದಾರೀಲಿರೋ ಆ ಲ್ಯಾಬ್ ಕೆಲಸ ಸೇರಿ ಎರಡು ವರ್ಷ ತುಂಬಿತು. ಬಾಟ್ಲೀಲಿ ಗಿಡ ಬೆಳೆಸೋ ಕೆಲಸ ಅಂದಾಗ ನೀವು ನಕ್ಕಿದ್ರಿ, ನೆನಪಿದೆಯಾ? "ಉಪ್ಪಿನಕಾಯಿ ಹಾಕ್ತೀರೇನಮ್ಮ" ಅಂದಿದ್ರಿ.

ಅತ್ತೆ, ಇನ್ನು ಸುತ್ತಿ ಬಳಸಿ ಬರೆಯೋಕೆ ನನ್ನ ಕೈಲಾಗಲ್ಲ. ನೀವು ಪ್ರತಿ ಕಾಗದದಲ್ಲೂ ಕೊನೇ ಸಾಲಲ್ಲಿ "ಹಾಲೆಲೆ ಹೇಗಿದೆ" ಅಂತ ಕೇಳ್ತಾ ಬಂದ್ರಿ. ನಾನು ಪ್ರತಿ ಕಾಗದದಲ್ಲೂ "ಚೆನ್ನಾಗಿದೆ" ಅಂತ ಬರೀತಾ ಬಂದೆ. ಅದು ಸುಳ್ಳು. ಸಂಕ್ರಾಂತಿ ಕಳೆದ ವಾರಕ್ಕೇ ನಿಮ್ಮ ಹಾಲೆಲೆ ಗಿಡ ಹೋಯ್ತು. ನಾನೇ ಕೊಂದೆ. ಮಣ್ಣನ್ನ ಬೆರಳಲ್ಲಿ ಚುಚ್ಚಿ ನೋಡಿ, ಒಣಗಿದ್ರೆ ಮಾತ್ರ ನೀರು ಅಂತ ನೀವು ಮೂರು ಸಲ ಹೇಳಿ ಹೋಗಿದ್ರಿ. ನಂಗೆ ಭಯ, ಎಲ್ಲಿ ಒಣಗಿಬಿಡುತ್ತೋ ಅಂತ. ದಿನಾ ಒಂದು ಚೊಂಬು ಹಾಕಿದೆ. ಚಳಿಗಾಲ ಬೇರೆ. ಒಂದು ಬೆಳಗ್ಗೆ ಎಲೆ ಮುಟ್ಟಿದ್ರೆ ತೊಟ್ಟು ಕೈಗೇ ಬಂತು. ಬುಡ ಕೊಳೆತು ಬೆಂದ ಗೆಣಸಿನ ಹಾಗಾಗಿತ್ತು.

ಆ ಗಿಡ ನಿಮಗೇನು ಅನ್ನೋದು ನಂಗೆ ಗೊತ್ತಿಲ್ಲದ ಮಾತಲ್ಲ. ನಿಮ್ಮಪ್ಪ ಮಗ್ಗ ಬಿಟ್ಟು ಬೆಂಗಳೂರಿನ ಬಂಗಲೆಯೊಂದರಲ್ಲಿ ಮಾಲಿ ಕೆಲಸ ಮಾಡಿ, ನಿಮ್ಮ ಮದುವೆಯಲ್ಲಿ ಪಾತ್ರೆ ಜೊತೆ ಆ ಕುಂಡಾನೂ ಗಾಡಿಗೆ ಹತ್ತಿಸಿದ್ದು, ಅಗಲವಾದ ಹಸಿರೆಲೆ ಮೇಲೆ ಯಾರೋ ಹಾಲು ಚೆಲ್ಲಿದ ಹಾಗಿದ್ದದ್ದಕ್ಕೆ ನೀವೇ ಆ ಹೆಸರಿಟ್ಟದ್ದು, ಮೂವತ್ತೆರಡು ವರ್ಷ ಒಬ್ಬರಿಗೂ ಒಂದು ಕಡ್ಡಿ ಮುರಿದು ಕೊಡದೇ ಇದ್ದದ್ದು. ನಾನು ಹೊಸದಾಗಿ ಬಂದಾಗ ನಿಮ್ಮನ್ನ ಜಿಪುಣಿ ಅಂದುಕೊಂಡಿದ್ದೆ, ಕ್ಷಮಿಸಿ. ಆಮೇಲೆ ನಮ್ಮ ಲ್ಯಾಬಿನ ವೆಂಕಟರಾಮಪ್ಪ ಸರ್ ಮನೆಗೆ ಬಂದು, ಇಂಥ ಎಲೆ ತಾವು ಎಲ್ಲೂ ಕಂಡಿಲ್ಲ, ಕಾಂಡದಲ್ಲಿ ಚಿಗುರೊಡೆಯೋ ಒಂದು ಕಣ್ಣು ಕೊಟ್ರೆ ಸಾವಿರ ಮಾಡ್ತೀವಿ ಅಂದಾಗ ನೀವು ಕಾಫಿ ಕೊಟ್ಟು ಕೈ ಮುಗಿದು ಕಳಿಸಿದ್ರಿ. ಅವತ್ತು ನಾನು ನಿಮ್ಮ ಜೊತೆ ಜಗಳ ಆಡ್ದೆ. ಒಂದು ಗಿಡ ಹೋದ್ರೆ ಕಥೆ ಮುಗೀತು, ಸಾವಿರ ಇದ್ರೆ ಯಾವತ್ತೂ ಹೋಗಲ್ಲ ಅಂತ ಪಾಠ ಒಪ್ಪಿಸಿದೆ. ನೀವು ಅಕ್ಕಿ ಆರಿಸ್ತಾ ತಲೆ ಎತ್ತದೇ ಹೇಳಿದ್ರಿ: "ಈ ಮನೇಲಿ ಎಲ್ಲಾನೂ ನಾಲ್ಕು ಜನದ್ದು ಕಣಮ್ಮ. ನನ್ನ ಬಳೆ ಮಾರಿ ಮಗ್ಗ ಆಯ್ತು. ನಾನು ಉಟ್ಟ ಸೀರೇನೇ ಅಂಗಡೀಲಿ ಇನ್ನೂರು ನೇತಾಕಿರ್ತಾರೆ. ಇದೊಂದು ನನ್ನ ತಾವ ಐತೆ, ಬೇರೆ ಯಾರ ತಾವೂ ಇಲ್ಲ." ಅದಾದ ಮೇಲೆ ನಾನು ಆ ಮಾತೆತ್ತಲಿಲ್ಲ.

ಹಾಗಿದ್ದೂ ಆ ಬೆಳಗ್ಗೆ ನಾನು ಮಾಡಿದ್ದೇನು ಅಂದ್ರೆ, ಕೊಳೆತಿದ್ದನ್ನೆಲ್ಲ ಕೊಯ್ದು ತೆಗೆದೆ. ಮೇಲಿನ ತುದೀಲಿ ಬೆರಳುದ್ದ ಗಟ್ಟಿ ಕಾಂಡ ಉಳಿದಿತ್ತು, ಅದರಲ್ಲಿ ಮೂರು ಕಣ್ಣು. ಅಮ್ಮಂಗೆ ತಿಳಿಸೋಣ ಅಂದ್ರು ಇವರು. ಬೇಡ, ಶ್ವೇತಾ ಹಾಸಿಗೇಲಿದ್ದಾಳೆ, ಅವಳಮ್ಮ ಅಳ್ತಾ ಕೂತ್ರೆ ಅಲ್ಲಿ ನೋಡೋರ್ಯಾರು ಅಂದ್ರು ಮಾವ. ನಾನು ಒದ್ದೆ ಬಟ್ಟೇಲಿ ಸುತ್ತಿ, ಟಿಫನ್ ಡಬ್ಬೀಲಿಟ್ಟು ಬಸ್ ಹತ್ತಿದೆ. ವೆಂಕಟರಾಮಪ್ಪ ಸರ್ ಡಬ್ಬಿ ತೆಗೆದು ನೋಡಿ, ತಕ್ಷಣ ಮುಚ್ಚಿಬಿಟ್ರು. "ನಿಮ್ಮತ್ತೆ ಕಳಿಸಿದ್ರಾ?" ಅಂತ ಕೇಳಿದ್ರು. ಇಲ್ಲ ಅಂದೆ. "ಹಾಗಾದ್ರೆ ಮುಟ್ಟಲ್ಲ. ಆ ತಾಯಿ ನಂಗೆ ಮುಖಕ್ಕೇ ಬೇಡ ಅಂದಿದ್ದಾರೆ" ಅಂದ್ರು. ಬದುಕಿದ್ರೆ ತಾನೇ ಸರ್ ಬೇಕೋ ಬೇಡವೋ ಕೇಳೋದು, ಅಂತ ಅತ್ತುಬಿಟ್ಟೆ. ಅವರು ಡಬ್ಬಿ ಮತ್ತೆ ತೆಗೆದ್ರು. ಒಂದು ಷರತ್ತು ಹಾಕಿದ್ರು: ಬದುಕಿಸೋಣ, ಆದ್ರೆ ನಿಮ್ಮತ್ತೆ ಬಾಯಿಂದ ಬರೋವರೆಗೂ ಒಂದೆಲೆಯೂ ಈ ಕಟ್ಟಡ ಬಿಟ್ಟು ಮಾರಾಟಕ್ಕೆ ಹೋಗಲ್ಲ. ಇವತ್ತಿನವರೆಗೂ ಆ ಮಾತು ತಪ್ಪಿಲ್ಲ.

ಮೂರು ಕಣ್ಣು, ಮೂರು ಬಾಟ್ಲಿ. ಸೋಪಿನ ನೀರಲ್ಲಿ ತೊಳೆದು, ಬ್ಲೀಚಿಂಗ್ ನೀರಲ್ಲಿ ಅದ್ದಿ, ದೀಪದ ಉರೀಲಿ ಸುಟ್ಟ ಬ್ಲೇಡಿನಿಂದ ನಾನೇ ಕೊಯ್ದೆ. ದಿನಕ್ಕೆ ಇನ್ನೂರು ಕೊಯ್ಯೋಳು ಅವತ್ತು ಮೂರಕ್ಕೇ ಅರ್ಧ ದಿನ ತಗೊಂಡೆ. ಬಾಟ್ಲಿ ತಳದಲ್ಲಿ ನಮ್ಮ ಚೀನಾ ಗ್ರಾಸ್ ಹಲ್ವಾ ಇರುತ್ತಲ್ಲ, ಹಾಗೇ ಗಟ್ಟಿ ಕಟ್ಟಿದ ಊಟ, ಸಕ್ಕರೆ, ಲವಣ ಎಲ್ಲ ಸೇರಿಸಿದ್ದು. ಅದರ ಮೇಲೆ ಕಣ್ಣು ಕೂರಿಸಿ ಮುಚ್ಚಿದೆ. ಐದನೇ ದಿನಕ್ಕೆ ಒಂದರಲ್ಲಿ ಬೂಷ್ಟು. ಇನ್ನೊಂದು ಕಂದು ತಿರುಗಿ ಸತ್ತಿತು. ಮೂರನೆಯದು ಸಾಯಲೂ ಇಲ್ಲ, ಬದುಕಲೂ ಇಲ್ಲ. ಏಳು ವಾರ ಅದು ಸುಮ್ಮನೆ ಇತ್ತು. ನಾನು ದಿನಾ ಹೋದ ಕೂಡಲೇ ಅದರ ಮುಂದೆ ನಿಲ್ತಿದ್ದೆ. ಜೊತೆ ಹುಡುಗೀರು ಏನೇ ಇದು ದಿನಾ ಪೂಜೆ ಅಂತ ರೇಗಿಸ್ತಿದ್ರು. ಪಾಪು ಹುಟ್ಟಿದ ಟೆಲಿಗ್ರಾಂ ಬಂದ ವಾರ ಅಂತ ನೆನಪು. ಆ ಕಣ್ಣಿನ ಪಕ್ಕ ಸಾಸಿವೆ ಕಾಳಿನಷ್ಟು ಹಸಿರು. ಅದರ ನೆತ್ತಿ ಮೇಲೆ, ಅತ್ತೆ, ಸೂಜಿಮೊನೆಯಷ್ಟು ಬಿಳುಪು.

ಆಮೇಲಿನದನ್ನ ಹೇಗೆ ಬರೀಲಿ? ನಾನು ಪಿಯುಸಿ ಸೈನ್ಸ್ ಓದಿದವಳು, ಎಲ್ಲಕ್ಕೂ ಹೆಸರು ಗೊತ್ತು. ಹೆಸರು ಗೊತ್ತಿದ್ದು ಏನೂ ಪ್ರಯೋಜನ ಇಲ್ಲ. ಒಂದು ಚಿಗುರು ನಾಲ್ಕಾಯ್ತು. ಬಿಡಿಸಿ ನಾಲ್ಕು ಬಾಟ್ಲಿಗೆ ಹಾಕಿದ್ರೆ ನಾಲ್ಕೂ ಗುಂಪು ಕಟ್ಟಿದವು. ಬೇರಿಲ್ಲ, ಮಣ್ಣಿಲ್ಲ, ಬಿಸಿಲಿಲ್ಲ, ಟ್ಯೂಬ್‌ಲೈಟಿನ ಕೆಳಗೆ ಕೂತು ಹುಟ್ತಾನೇ ಹೋದವು. ಶ್ರಾವಣದ ಹೊತ್ತಿಗೆ ಒಂದಿಡೀ ಗೂಡು ತುಂಬ ಹಾಲೆಲೆ. ಮೂವತ್ತೆರಡು ವರ್ಷ ಜಗತ್ತಲ್ಲಿ ಒಂದೇ ಇದ್ದದ್ದು.

ಗಣೇಶನ ಹಬ್ಬ ಆದ ಮೇಲೆ ಮಾವನನ್ನ ಕರ್ಕೊಂಡು ಹೋದೆ. ಚಪ್ಪಲಿ ಬಿಟ್ಟು, ಬಿಳಿ ಕೋಟು, ತಲೆಗೆ ಟೋಪಿ ಹಾಕಿಸಿದ್ರೆ ಮಾವ ಮದುಮಗನ ಹಾಗೆ ನಾಚಿಕೊಂಡ್ರು. ಆ ರೂಮಿಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತುಬಿಟ್ರು. ನೆಲದಿಂದ ಸೂರಿನವರೆಗೆ ಗೂಡುಗಳು, ಗೂಡಿನ ತುಂಬ ಬಾಟ್ಲಿ, ಬಾಟ್ಲಿಯೊಳಗೆಲ್ಲ ಎಳೇ ಹಸಿರು. ಹಾಲೆಂಡಿಗೆ ಹೋಗೋ ಹೂಗಿಡ, ಬಾಳೆ, ಆರ್ಕಿಡ್, ಸಾವಿರಾರು. ಅವರು ತಲೆ ಓರೆ ಮಾಡಿ ಏನನ್ನೋ ಕೇಳಿಸ್ಕೊಳ್ಳೋರ ಹಾಗೆ ಇದ್ರು. ಆಮೇಲೆ ಪಿಸುಮಾತಲ್ಲಿ ಕೇಳಿದ್ರು: "ಇಷ್ಟು ಹುಟ್ತಾ ಐತೆ, ಒಂದು ಸದ್ದೂ ಇಲ್ವಲ್ಲಮ್ಮ?" ನಲವತ್ತು ವರ್ಷ ಮಗ್ಗದ ಸದ್ದಲ್ಲಿ ಬಾಳಿದ ಮನುಷ್ಯ. ಒಂದು ಗಜ ಬಟ್ಟೆ ಹುಟ್ಟಬೇಕಾದ್ರೆ ಬೀದಿ ಅದುರಬೇಕು ಅಂತ ತಿಳಿದೋರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ದಿನಾ ಹೋಗೋ ರೂಮು ಅದು, ಅವತ್ತೇ ಮೊದಲು ನೋಡಿದೆ ಅನ್ನಿಸ್ತು.

ಎಲ್ಲಾ ಚೆಂದಾನೇ ಆಯ್ತು ಅಂತಲ್ಲ. ಮುಕ್ಕಾಲು ಪಾಲು ಬರೀ ಹಸಿರಾಗಿ ಬಂದವು, ಬಿಳುಪು ಒಂದು ಚುಕ್ಕೆಯೂ ಇಲ್ಲ. ಕೆಲವು ಪೂರ್ತಿ ಬಿಳಿಯಾಗಿ ಬಂದವು. ಅತ್ತೆ, ಅವನ್ನ ನೀವು ನೋಡಬೇಕಿತ್ತು. ಕಾಂಡ, ಎಲೆ, ಚಿಗುರು ಎಲ್ಲ ಕೆನೆಯಂತೆ, ಬೆಳಕು ಆಚೆಯಿಂದ ಈಚೆ ಕಾಣೋ ಹಾಗೆ. ಅವು ಹೊರಗೆ ಬದುಕಲ್ಲ, ಬಾಟ್ಲಿ ಸಕ್ಕರೆ ಇರೋವರೆಗೆ ಅಷ್ಟೇ, ತಮ್ಮ ಊಟ ತಾವು ಮಾಡಿಕೊಳ್ಳೋಕೆ ಹಸಿರು ಬೇಕು ಅಂದ್ರು ಸರ್. ನಂಗೆ ನಂಬಿಕೆ ಬರಲಿಲ್ಲ. ಒಂದನ್ನ ಮಣ್ಣಿಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ಮಗು ಥರ ನೋಡಿಕೊಂಡೆ. ಹನ್ನೊಂದನೇ ದಿನ ಕರಗಿಹೋಯ್ತು. ಹಸಿರು ಬಿಳುಪು ಎರಡೂ ಸೇರಿ ಬಂದವು ಕಡಿಮೆ. ಅವನ್ನ ಆರಿಸಿ ಮಣ್ಣಿಗೆ ಇಳಿಸಿದೆವು, ಹತ್ತೊಂಬತ್ತು ನಿಂತವು.

ಜಯನಗರದಿಂದ ವರ್ಷಕ್ಕೊಮ್ಮೆ ಬಂದು ನಿಮ್ಮ ಕುಂಡದ ಮುಂದೆ ಕೂತು ನಿಟ್ಟುಸಿರು ಬಿಡ್ತಿದ್ದ ಆ ಗಿಡದ ಹುಚ್ಚಿನ ಮೇಷ್ಟ್ರು ಹೋದ ತಿಂಗಳು ಬಂದಿದ್ರು. ವಿಷಯ ತಿಳಿದು ಕೂಗಾಡಿಬಿಟ್ರು. "ಒಂದೇ ಅನ್ನೋದೇ ಅದರ ಮಹಿಮೆ ಕಣಮ್ಮ. ನಾಳೆ ಹೋಟ್ಲು ಬಾಗಿಲಲ್ಲಿ, ಬ್ಯಾಂಕ್ ಕೌಂಟರಲ್ಲಿ ಇಟ್ಟಿರ್ತಾರೆ, ಯಾರೂ ತಿರುಗಿ ನೋಡಲ್ಲ. ಇದು ಆ ಗಿಡ ಅಲ್ಲ, ಅದರ ನಕಲು" ಅಂದ್ರು. ಮಾವ ಸುಮ್ಮನಿರ್ತಾರೆ ಅಂದುಕೊಂಡೆ, ಅವರು ಮೇಷ್ಟ್ರನ್ನ ಕೂರಿಸಿ ಹೇಳಿದ್ರು: "ನಮ್ಮಪ್ಪ ಗುಂಡಿ ಮಗ್ಗದಲ್ಲಿ ನೇಯ್ತಿದ್ದ ಕಾಲಕ್ಕೆ ಪವರ್‌ಲೂಮ್ ಬಂದಾಗ ಅವರೂ ಇದೇ ಮಾತು ಅಂದಿದ್ರು ಸ್ವಾಮಿ. ನಮ್ಮಪ್ಪನ ಮಾತು ಸುಳ್ಳಲ್ಲ, ಆ ಕೈಕೆಲಸ ಹೋಯ್ತು, ನಂಗೂ ಸಂಕಟ ಐತೆ. ಆದ್ರೆ ಸಾವಿರ ಹೆಣ್ಣುಮಕ್ಕಳು ಮದುವೇಲಿ ಜರಿ ಸೀರೆ ಉಟ್ಟಿದ್ದು ಆವಾಗಲೇ. ಅಲ್ಲಾ, ಇದು ನಕಲು ಅಂತೀರಲ್ಲ, ಒಂದು ಸಲ ಸರಿಯಾಗಿ ನೋಡಿ." ಲ್ಯಾಬಿಗೆ ಕರ್ಕೊಂಡು ಹೋಗಿ ಹತ್ತೊಂಬತ್ತನ್ನೂ ಸಾಲಾಗಿ ತೋರಿಸಿದ್ರು. ಒಂದರ ಎಲೆ ಅಂಚಲ್ಲಿ ಬಿಳುಪು, ಒಂದರಲ್ಲಿ ನಡು ಸೀಳಿ ಅರ್ಧಕ್ಕರ್ಧ, ಇನ್ನೊಂದರಲ್ಲಿ ಸುಣ್ಣ ಎರಚಿದ ಹಾಗೆ ಚಿಮುಕು. ಒಂದರ ಹಾಗೆ ಇನ್ನೊಂದಿಲ್ಲ. ಒಂದೇ ಗಿಡದಲ್ಲೂ ಒಂದೆಲೆ ಥರ ಇನ್ನೊಂದೆಲೆ ಇಲ್ಲ. "ನಾನು ಜೀವಮಾನವೆಲ್ಲ ಮಗ್ಗಕ್ಕೆ ತೂತಿನ ಡಿಸೈನು ಕಾರ್ಡು ಹೊಡೆಸಿದೋನು. ಇದನ್ನ ಯಾವ ಕಾರ್ಡಿಗೂ ಇಳಿಸೋಕಾಗಲ್ಲ" ಅಂದ್ರು ಮಾವ. ಮೇಷ್ಟ್ರು ಒಪ್ಪಲಿಲ್ಲ. ಆದ್ರೆ ಅವುಗಳ ಮುಂದಿಂದ ಬೇಗ ಎದ್ದೂ ಹೋಗಲಿಲ್ಲ.

ನಾನು ಯಾರ ಕಡೆ ಅಂತ ಕೇಳಿದ್ರೆ, ಈಗ ಹೇಳೋಕೆ ಗೊತ್ತಾಗ್ತಿಲ್ಲ. ಅವತ್ತು ಪಾಠ ಒಪ್ಪಿಸಿದವಳ ಧೈರ್ಯ ನಂಗೆ ಇವತ್ತಿಲ್ಲ. ನಿಮ್ಮಪ್ಪ ಕೈಯಾರೆ ಕೊಟ್ಟದ್ದು ಇದೇನಾ, ಇಲ್ಲ ಅದು ಸತ್ತು ಇದು ಬೇರೆಯಾ? ಆ ಮೂರನೇ ಕಣ್ಣು ಯಾವತ್ತೂ ಸಾಯಲಿಲ್ಲ, ಅಷ್ಟು ಮಾತ್ರ ನಾನು ಕಂಡಿದ್ದೀನಿ. ನಿಮ್ಮ ತಾವ ಮಾತ್ರ ಇದ್ದದ್ದನ್ನ ನಿಮ್ಮನ್ನ ಕೇಳದೇ ಹಂಚಿಬಿಟ್ಟೆ ಅನ್ನೋದೂ ನಿಜ. ಗಿಡ ಕೊಂದಿದ್ದಕ್ಕೆ ಬೈಯಿರಿ, ಸುಳ್ಳು ಬರೆದಿದ್ದಕ್ಕೆ ಅದಕ್ಕಿಂತ ಜೋರಾಗಿ ಬೈಯಿರಿ. ಆದ್ರೆ ಆ ಸಾಸಿವೆ ಕಾಳು ಕಣ್ಣು ಬಿಟ್ಟಾಗ ನಿಮ್ಮ ಪಕ್ಕದಲ್ಲಿ ನಿಂತು ನೋಡಬೇಕಿತ್ತು ಅಂತ ಎಷ್ಟು ಆಸೆಯಾಗಿತ್ತು ಅನ್ನೋದನ್ನೂ ನಂಬಿ.

ಶ್ವೇತಾಗೆ, ಅವಳ ಮನೆಯವರಿಗೆ ನನ್ನ ನೆನಪು ಹೇಳಿ. ಪಾಪುಗೆ ಎರಡೂ ಕೆನ್ನೆಗೆ ಮುತ್ತು. ಮಾವ ತಮ್ಮ ಸ್ವೆಟರ್ ಎಲ್ಲಿಟ್ಟಿದ್ದೀರಿ ಅಂತ ಕೇಳ್ತಿದ್ದಾರೆ. ನಿಮ್ಮ ಆಶೀರ್ವಾದ ಇರಲಿ, ಕೋಪದ ಜೊತೆಗೇ ಬಂದ್ರೂ ಸರಿ.

ಇಂತಿ ನಿಮ್ಮ ಸೊಸೆ,
ಸ್ನೇಹ

ತಾ.ಕ.: ಅವಸರದಲ್ಲಿ ಬರೀತಿದ್ದೀನಿ, ಇವರು ಸ್ಟೇಷನ್ನಿಗೆ ಹೊರಟು ನಿಂತಿದ್ದಾರೆ. ಈ ಕಾಗದ ಅಂಚೆಗೆ ಹಾಕ್ತಿಲ್ಲ. ನಿಮ್ಮ ಮಗ ಕಾಗದ ಕೈಗೆ ಕೊಟ್ಟು ಒಳಗೆ ಬರದೇ ಬಾಗಿಲಾಚೆ ಯಾಕೆ ಕೂತ್ರು ಅಂತ ನಿಮಗೆ ಆಶ್ಚರ್ಯ ಆಗಿರ್ಬೇಕು. ನಾನೇ ಹಾಗೆ ಹೇಳಿ ಕಳಿಸಿದ್ದು, ಓದಿ ಮುಗಿಸೋವರೆಗೂ ಬುಟ್ಟಿ ತೋರಿಸಬೇಡಿ ಅಂತ. ಬುಟ್ಟೀಲಿ ಎರಡು ಹಾಲೆಲೆ ಇವೆ. ಒಂದು ನಿಮ್ಮದು, ಅದರಲ್ಲಿ ಮಾತಿಲ್ಲ. ಮುಂದೆ ಬೆಳೆಸಲಾ ನಿಲ್ಲಿಸಲಾ ಅಂತ ಸರ್ ಕೇಳ್ತಿದ್ದಾರೆ, ಬಾಟ್ಲಿಗಳ ಊಟ ಈ ತಿಂಗಳ ಕೊನೆಗೆ ಮುಗಿಯುತ್ತೆ. ಎರಡನೇ ಗಿಡಾನ ನಿಮ್ಮ ಕೈಯಿಂದ ಯಾರಿಗಾದ್ರೂ ಕೊಟ್ರೆ, ಯಾರಿಗೇ ಆಗಲಿ, ಹೂಂ ಅಂದ್ರಿ ಅಂತ ತಿಳ್ಕೋತೀನಿ. ಎರಡೂ ನಿಮ್ಮ ಹತ್ರಾನೇ ಉಳಿದ್ರೆ ನನ್ನ ಕೈಯಾರೆ ಬಾಟ್ಲಿ ತೊಳೆದು ಬೋರಲು ಹಾಕ್ತೀನಿ, ಒಂದು ಮಾತೂ ಆಡಲ್ಲ. ಈಗ ಇವರನ್ನ ಒಳಗೆ ಕರೀರಿ ಅತ್ತೆ, ಪಾಪ, ದಾರಿಯುದ್ದಕ್ಕೂ ಬುಟ್ಟಿ ತೊಡೆ ಮೇಲಿಂದ ಇಳಿಸದೇ ಬಂದಿರ್ತಾರೆ.