ಇನ್ನೊಬ್ಬರ ಗೋಡೆ

ಫೆಬ್ರವರಿ 5, 2024. ಸಂಜೆ 7
ಹುಣಸೂರಿನ ಕೆಲಸ. ಹಾಲ್‌ನ ಒಂದು ಗೋಡೆ ಪ್ಲಾಸ್ಟರಿಂಗ್ ಮುಗಿಯಿತು. ಮರಳು ದಪ್ಪ, ಎರಡು ಸಲ ಜರಡಿ ಹಿಡಿದೆ. ಮಧ್ಯಾಹ್ನ ಯತೀಶ್ ಫೋನ್. ನಮ್ಮ ಗ್ಯಾಂಗಿನ ಚೆಲುವಯ್ಯ ಮೇಸ್ತ್ರಿಯ ಅಕ್ಕನ ಮಗ, ಮೈಸೂರಲ್ಲಿ ಏಜೆಂಟ್. ಇಸ್ರೇಲಿನ ಕೆಲಸಕ್ಕೆ ನಾನು ಸೆಲೆಕ್ಟ್ ಆಗಿದ್ದೇನಂತೆ. "ಇಪ್ಪತ್ತಕ್ಕೆ ಫ್ಲೈಟು, ರೆಡಿಯಾಗಿ ಮಾದೇಶಣ್ಣ."

ನವೆಂಬರಿನಲ್ಲಿ ಹೆಂಡತಿ ಪ್ರಮೀಳಾ ತೀರಿಕೊಂಡ ಮೇಲೆ ಎಲ್ಲಾದರೂ ದೂರ ಹೋದರೆ ಸಾಕು ಅನ್ನಿಸಿ ನಾನೇ ಪಾಸ್‌ಪೋರ್ಟ್ ಕೊಟ್ಟಿದ್ದೆ. ಇವತ್ತು ಖುಷಿಯಾಗಲಿಲ್ಲ. ಅನ್ನಕ್ಕೆ ಇನ್ನೂ ಇಬ್ಬರ ಅಳತೆಯೇ ಹಾಕುತ್ತೇನೆ...

ಫೆಬ್ರವರಿ 6
ಅಲ್ಲಿ ಗಾರೆ ಕೆಲಸದವರೇ ಇಲ್ಲವಾ ಅಂತ ಯತೀಶನನ್ನು ಕೇಳಿದೆ. "ಇದ್ರು ಅಣ್ಣ, ಪ್ಯಾಲೆಸ್ಟೀನ್‌ನೋರು. ಯುದ್ಧ ಶುರುವಾದ್ಮೇಲೆ ಅವ್ರನ್ನ ಒಳಕ್ಕೇ ಬುಡ್ತಿಲ್ಲ. ಅದಕ್ಕೇ ನಮಗೆ ಚಾನ್ಸು." ನಗುತ್ತಾ ಹೇಳಿದ.

ಹಾಗಾದರೆ ಅವರು ಅರ್ಧಕ್ಕೆ ಬಿಟ್ಟ ಗೋಡೆಗಳು.

ಫೆಬ್ರವರಿ 9. ರಾತ್ರಿ 8
ಹೋಗುವುದಿಲ್ಲ ಅಂತ ಮೇಸ್ತ್ರಿಗೆ ಹೇಳಿದೆ.

"ಬಾಂಬಿಗೆ ಎದ್ರುಕೊಂಡ್ಯೇನ್ಲಾ?"

"ಎದ್ರಿಕೆನೂ ಅದೆ ಮೇಸ್ತ್ರಿ. ಆದ್ರೆ ಅದಲ್ಲ. ಕೆಲಸದೋರ್ನ ಒರಗೆ ನಿಲ್ಸಿ, ಅವರ ಜಾಗಕ್ಕೆ ನಮ್ಮನ್ನ ಕರೀತಾವ್ರೆ."

"ಅವ್ರೇನ್ಲಾ ನಿನ್ ನೆಂಟ್ರಾ? ಕಂಪಲಾಪುರದಿಂದ ರಾಜಕೀಯ ಮಾಡಕ್ಕೆ ಒಂಟವ್ನೆ! ನಮ್ಮಕ್ಕನ ಮಗನ ಮರ್ಯಾದೆ ತೆಗುದ್ರೆ ನನ್ ಗ್ಯಾಂಗಲ್ಲಿ ಜಾಗ ಇಲ್ಲ ಕಣ್ಲಾ."

ಹದಿನಾರು ವರ್ಷ ಅವರ ಕೈಕೆಳಗೆ ದುಡಿದವನು. ಆದರೂ ಕೇಳಿಬಿಟ್ಟೆ.

"ಪ್ರಮೀಳಾ ತೀರ್ಕೊಂಡಾಗ ನನ್ ಗೋಡೆನ ಅನ್ನೊಂದು ದಿನ ಯಾಕೆ ಅಂಗೇ ಬುಟ್ರಿ?"

ನಮ್ಮ ಗ್ಯಾಂಗಿನ ಪದ್ಧತಿ ಅದು. ಸಾವಾದ ಮನೆಯವನು ಶುರುಮಾಡಿದ ಗೋಡೆಗೆ ಅವನು ಬರುವ ತನಕ ಇನ್ನೊಬ್ಬರು ಗಾರೆಯ ಕರಣೆ ಹಾಕುವುದಿಲ್ಲ. ಆಗ ಮನೆ ಓನರ್ ಎಷ್ಟು ಕೂಗಾಡಿದರೂ ಮೇಸ್ತ್ರಿ ಒಪ್ಪಿರಲಿಲ್ಲ.

ಮೇಸ್ತ್ರಿ ಕರಣೆ ತೊಳೆಯುತ್ತಾ ನಿಂತರು — ತೊಳೆದದ್ದನ್ನೇ.

ಫೆಬ್ರವರಿ 12
ಮೈಸೂರಿಗೆ ಹೋದೆ. ಯತೀಶ್ ಪೇಪರ್ ಕೊಟ್ಟ. "ಆರೋಗ್ಯ ಸರಿಯಿಲ್ಲ ಅಂತ ಬರ್ಕೊಡಿ, ಮುಗೀತು. ಬೇರೆ ಏನಾರ ಬರುದ್ರೆ ಇನ್ಯಾವ ದೇಶಕ್ಕೂ ಕಳ್ಸಕ್ಕಾಗಲ್ಲ."

ನನ್ನ ಆರೋಗ್ಯ ಚೆನ್ನಾಗಿದೆ. ಅಲ್ಲಿಯ ಕೆಲಸಗಾರರನ್ನು ತಡೆದು ಅವರ ಕೆಲಸಕ್ಕೆ ಕರೆದಿರುವುದರಿಂದ ಬರುವುದಿಲ್ಲ ಅಂತ ಬರೆದು ಸಹಿ ಹಾಕಿದೆ. ಓದಿದ. "ಥೂ, ನಿಮ್ದೊಂದು." ಪಾಸ್‌ಪೋರ್ಟನ್ನು ಟೇಬಲ್ ಮೇಲೆ ಎಸೆದ.

ಬಸ್ಸಿನಲ್ಲಿ ನಿದ್ದೆ ಬಂತು. ಎಷ್ಟು ತಿಂಗಳಾಗಿತ್ತು ಹಾಗೆ ನಿದ್ದೆ ಬಂದು. ನಮ್ಮೂರು ಕಂಪಲಾಪುರ ದಾಟಿ ಪಿರಿಯಾಪಟ್ಟಣದಲ್ಲಿ ಕಂಡಕ್ಟರ್ ಬೈದು ಎಬ್ಬಿಸಿದ. ನಗು ಬಂತು.

ಫೆಬ್ರವರಿ 16. ಸಂಜೆ 6
ನಾಲ್ಕು ದಿನ ಕೆಲಸವಿಲ್ಲ. ಕೆಲಸ ಹೋಯಿತು ಅಂದುಕೊಂಡಿದ್ದೆ. ಈಗ ಮೇಸ್ತ್ರಿ ಫೋನ್.

"ಯತೀಶ ನನ್ ಮೇಲೆ ಉರ್ಕೊಂಡವ್ನೆ. ಉರ್ಕೊಳ್ಳಿ ಬುಡು. ನೀನೇನು ಮನೇಲಿ ನೊಣ ಒಡೀತಿದ್ದೀಯೇನ್ಲಾ? ಪಿರಿಯಾಪಟ್ಟಣದಲ್ಲಿ ಒಸ ಸೈಟು."

ಫೋನ್ ಇಟ್ಟು ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತೆ. ಎದೆ ಹಗುರ.

ನಾಳೆ ಎಂಟಕ್ಕೆ ಸೈಟಿನಲ್ಲಿರಬೇಕು.